‘ಸರ್ವರ್ ಇಲ್ರೀ, ನಾಳೆ ಬರ್ರಿ’: ಎರಡು ಸರ್ವರ್‌ಗಳ ನಡುವಿನ ಕಾಲುವೆಯ ಕತೆ

ಪಾಮನಕಲ್ಲೂರಿನವರಿಗೆ ಕಾಲುವೆಯ ಬೆಲೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ಮಸ್ಕಿ ತಾಲೂಕಿನ ಈ ಊರಲ್ಲಿ 2020–21ರಲ್ಲಿ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು. ಜಲಾಶಯದಲ್ಲಿ ನೀರಿದ್ದರೆ ಸಾಲದು, ಅದು ಹೊಲಕ್ಕೆ ಬರಬೇಕು. ಅಷ್ಟೇ ವಿಷಯ.

ನಾವು ದಿನವೂ ಬಳಸುವ ಜಾಲತಾಣಗಳ ಒಳಗೂ ಇಂಥದ್ದೇ ಒಂದು ಕಾಲುವೆ ಇರುತ್ತೆ. ಅದು ಯಾರ ಕಣ್ಣಿಗೂ ಬೀಳಲ್ಲ. ಕೆಟ್ಟಾಗ ಮಾತ್ರ ‘ಸರ್ವರ್ ಇಲ್ರೀ, ನಾಳೆ ಬರ್ರಿ’ ಅನ್ನೋ ಮಾತಾಗಿ ಕಿವಿಗೆ ಬೀಳುತ್ತೆ. 2023ರ ಜೂನ್‌ನಲ್ಲಿ ಸೇವಾಸಿಂಧು ಮೂಲಕ ಗೃಹಜ್ಯೋತಿ ನೋಂದಣಿ ಶುರುವಾದಾಗ ರಾಜ್ಯದ ಎಷ್ಟೋ ಊರುಗಳಲ್ಲಿ ಜನ ಈ ಮಾತು ಕೇಳಿ ವಾಪಸ್ ಹೋದರು. ಕೂಲಿ ಬಿಟ್ಟು ಬಂದವರಿಗೆ ಆ ಒಂದು ಮಾತಿನ ಬೆಲೆ ಒಂದು ದಿನದ ದುಡಿಮೆ.

ಅಸಲಿಗೆ ‘ಸರ್ವರ್’ ಅನ್ನೋದು ಸಾಮಾನ್ಯವಾಗಿ ಒಂದಲ್ಲ. ಮುಂದೆ ಒಂದು ವೆಬ್ ಸರ್ವರ್ ಇರುತ್ತೆ. ಅಪಾಚೆ, ಎಂಜಿನ್‌ಎಕ್ಸ್ ಇಂಥವು. ಬಂದವರನ್ನು ಎದುರುಗೊಳ್ಳೋದು, ಚಿತ್ರ, ಪುಟಗಳನ್ನು ಕೊಡೋದು, ಸಂಪರ್ಕವನ್ನು ಗೂಢಲಿಪಿಯಲ್ಲಿ ಭದ್ರವಾಗಿಡೋದು ಇದರ ಕೆಲಸ. ತಂತ್ರಾಂಶ ಜಾವಾದಲ್ಲಿದ್ದರೆ ಹಿಂದೆ ಟಾಮ್‌ಕ್ಯಾಟ್‌ನಂಥ ಅಪ್ಲಿಕೇಶನ್ ಸರ್ವರ್ ಕೂತಿರುತ್ತೆ. ಅರ್ಜಿ ಪರಿಶೀಲಿಸೋದು, ದತ್ತಾಂಶ ತೆಗೆಯೋದು, ಲೆಕ್ಕ ಮಾಡೋದು ಅದರ ಪಾಲು. ಇವೆರಡರ ನಡುವಿನ ಕಾಲುವೆಯನ್ನು ಹೇಗೆ ಕಟ್ಟಬೇಕು? ಅಪಾಚೆ ಬಳಸುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಮೊದಲನೆಯದು ಮಾಡ್-ಜೆಕೆ. ಹಳೆಯದು, ಪಳಗಿದ್ದು. ಇದು ಎಜೆಪಿ ಅನ್ನೋ ಭಾಷೆಯಲ್ಲಿ ಟಾಮ್‌ಕ್ಯಾಟ್ ಜೊತೆ ಮಾತಾಡುತ್ತೆ. ಹಲವು ಟಾಮ್‌ಕ್ಯಾಟ್‌ಗಳಿಗೆ ಕೆಲಸ ಹಂಚೋದರಲ್ಲಿ ಗಟ್ಟಿ. ಆದರೆ ಅಪಾಚೆ ಜೊತೆಗೆ ಬರಲ್ಲ. ಬೇರೆಯಾಗಿ ತಂದು ಜೋಡಿಸಬೇಕು, ಅದರದ್ದೇ ಬೇರೆ ಸಂರಚನಾ ಕಡತ ಬರೆಯಬೇಕು.

ಎರಡನೆಯದು ಮಾಡ್-ಪ್ರಾಕ್ಸಿ-ಎಜೆಪಿ. ಭಾಷೆ ಅದೇ, ಆದರೆ ಅಪಾಚೆ 2.2ರಿಂದ ಜೊತೆಗೇ ಬರುತ್ತೆ. ಅರ್ಜಿದಾರನ ವಿಳಾಸ, ಸಂಪರ್ಕ ಸುರಕ್ಷಿತವೋ ಅಲ್ಲವೋ ಅನ್ನೋ ವಿವರಗಳನ್ನು ಎಜೆಪಿ ತಾನಾಗಿಯೇ ಹಿಂದಕ್ಕೆ ಮುಟ್ಟಿಸುತ್ತೆ. ಇದು ನಿಜವಾದ ಅನುಕೂಲ. ಆದರೆ ಎಜೆಪಿ ಮಾತು ಗೂಢಲಿಪಿಯಲ್ಲಿ ಹೋಗಲ್ಲ, ಮನುಷ್ಯರ ಕಣ್ಣಿಗೆ ನೇರವಾಗಿ ಓದಲೂ ಬರಲ್ಲ.

ಅದರ ಅಪಾಯ 2020ರ ಫೆಬ್ರುವರಿಯಲ್ಲಿ ಜಗತ್ತಿಗೇ ಗೊತ್ತಾಯಿತು. ‘ಘೋಸ್ಟ್‌ಕ್ಯಾಟ್’ ಅಂತ ಹೆಸರಾದ ದೋಷ ಅದು. ಅಲ್ಲಿಯವರೆಗೆ ಟಾಮ್‌ಕ್ಯಾಟ್‌ನಲ್ಲಿ ಎಜೆಪಿಯ 8009 ಸಂಖ್ಯೆಯ ಬಾಗಿಲು ತಾನಾಗಿಯೇ ತೆರೆದಿರುತ್ತಿತ್ತು. ಹೊರಗಿನವರು ಅದರ ಮೂಲಕ ತಂತ್ರಾಂಶದ ಒಳಗಿನ ಕಡತಗಳನ್ನು ಓದಬಹುದಿತ್ತು. 9.0.31ರಿಂದ ಆ ಬಾಗಿಲು ಮುಚ್ಚಿಯೇ ಬರುತ್ತೆ. ಬೇಕಾದವರು ತೆರೆಯಬೇಕು, ಗುಪ್ತಪದವನ್ನೂ ಕೊಡಬೇಕು.

ಮೂರನೆಯದು ಮಾಡ್-ಪ್ರಾಕ್ಸಿ-ಎಚ್‌ಟಿಟಿಪಿ. ಬ್ರೌಸರ್ ಆಡುವ ಭಾಷೆಯಲ್ಲೇ ಎರಡೂ ಸರ್ವರ್‌ಗಳು ಮಾತಾಡುತ್ತವೆ. ನಾಳೆ ಅಪಾಚೆ ಬಿಟ್ಟು ಎಂಜಿನ್‌ಎಕ್ಸ್ ತಂದರೂ ಹಿಂದಿನದನ್ನು ಬದಲಿಸಬೇಕಿಲ್ಲ. ನಡುವೆ ಗೂಢಲಿಪಿಯನ್ನೂ ಹಾಕಬಹುದು. ತೊಡಕು ಒಂದೇ: ಎಲ್ಲ ಅರ್ಜಿಗಳೂ ಮುಂದಿನ ಸರ್ವರ್‌ನಿಂದಲೇ ಬಂದಂತೆ ಟಾಮ್‌ಕ್ಯಾಟ್‌ಗೆ ಕಾಣುತ್ತವೆ. ‘ಒಂದೇ ವಿಳಾಸದಿಂದ ಇಷ್ಟೊಂದು ಅರ್ಜಿಯಾ?’ ಅಂತ ತಂತ್ರಾಂಶ ಎಲ್ಲರನ್ನೂ ಒಟ್ಟಿಗೆ ತಡೆಹಿಡಿದುಬಿಡಬಹುದು. ಹಾಗಾಗಿ ನಿಜವಾದ ವಿಳಾಸವನ್ನು ಹೆಡರ್‌ನಲ್ಲಿ ಕಳಿಸಬೇಕು, ನಮ್ಮದೇ ಮುಂದಿನ ಸರ್ವರ್ ಕಳಿಸಿದ್ದನ್ನು ಮಾತ್ರ ನಂಬುವಂತೆ ಟಾಮ್‌ಕ್ಯಾಟ್‌ಗೆ ಹೇಳಬೇಕು.

ಹಾಗಾದರೆ ಯಾವುದು? ಎಂಜಿನಿಯರುಗಳು ಈ ಚರ್ಚೆಯನ್ನು ಸಾಮಾನ್ಯವಾಗಿ ವೇಗದ ಲೆಕ್ಕದಲ್ಲಿ ನಡೆಸುತ್ತಾರೆ. ನನ್ನ ಪ್ರಕಾರ ಅದು ತಪ್ಪು ತಕ್ಕಡಿ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಟಾಮ್‌ಕ್ಯಾಟ್ ತಾನಾಗಿ ಇಟ್ಟುಕೊಳ್ಳುವ ಕೆಲಸಗಾರರ, ಅಂದರೆ ಥ್ರೆಡ್‌ಗಳ, ಮಿತಿ 200. ಒಂದು ಅರ್ಜಿಗೆ ಅರ್ಧ ಸೆಕೆಂಡು ಸಾಕಾದರೆ ಸೆಕೆಂಡಿಗೆ 400 ಅರ್ಜಿ ಮುಗಿಯುತ್ತವೆ. ಹಿಂದಿನ ದತ್ತಾಂಶ ಕೋಶ ನಿಧಾನವಾಗಿ ಒಂದಕ್ಕೆ 20 ಸೆಕೆಂಡು ಬೇಕಾದರೆ? ಸೆಕೆಂಡಿಗೆ ಬರೀ 10. ಉಳಿದವರು ಸರತಿಯಲ್ಲಿ. ಬೇಸತ್ತು ರಿಫ್ರೆಶ್ ಒತ್ತಿದರೆ ಹೊಸ ಅರ್ಜಿ ಸೇರುತ್ತೆ, ಹಳೆಯದರ ಕೆಲಸವೂ ಒಳಗೆ ನಡೀತಾನೇ ಇರುತ್ತೆ. ಇಲ್ಲಿ ಎಜೆಪಿಯೋ ಎಚ್‌ಟಿಟಿಪಿಯೋ ಅನ್ನೋದರಿಂದ ಉಳಿಯುವ ಮಿಲಿಸೆಕೆಂಡು ಯಾವ ಲೆಕ್ಕಕ್ಕೂ ಬರಲ್ಲ.

ಇನ್ನೊಂದು ಸಂಗತಿ. ಹಿಂದಿನ ಸರ್ವರ್ ಒಮ್ಮೆ ಸಂಪರ್ಕಕ್ಕೆ ಸಿಗದಿದ್ದರೆ ಮಾಡ್-ಪ್ರಾಕ್ಸಿ ಅದನ್ನು ‘ಕೆಟ್ಟಿದೆ’ ಅಂತ ಗುರುತು ಹಾಕಿ, ಬದಲಿಸದಿದ್ದರೆ 60 ಸೆಕೆಂಡು ಅತ್ತ ತಿರುಗಿಯೂ ನೋಡಲ್ಲ. ಟಾಮ್‌ಕ್ಯಾಟ್ ಹತ್ತೇ ಸೆಕೆಂಡಿನಲ್ಲಿ ಎದ್ದು ಕೂತರೂ ಜನರಿಗೆ ಕಾಣೋದು 503. ಜಲಾಶಯ ತುಂಬಿದೆ, ತೂಬು ಮಾತ್ರ ಮುಚ್ಚಿದೆ!

ಹಾಗಾಗಿ ಕೇಳಬೇಕಾದ ಪ್ರಶ್ನೆ: ಕೆಟ್ಟ ದಿನ ಬಂದಾಗ ಇದರೊಳಗೆ ಇಣುಕಿ ನೋಡಿ ಸರಿಪಡಿಸೋಕೆ ನಮ್ಮವರಿಗೆ ಆಗುತ್ತಾ? ಹೊಸದಾಗಿ ಕಟ್ಟುವವರಿಗೆ ನಾನು ಎಚ್‌ಟಿಟಿಪಿ ದಾರಿಯನ್ನೇ ಹೇಳುತ್ತೇನೆ. ಮುಂದಿನ ಸರ್ವರನ್ನು ಬದಿಗಿಟ್ಟು ನೇರ ಟಾಮ್‌ಕ್ಯಾಟ್‌ಗೇ ಒಂದು ಕೋರಿಕೆ ಕಳಿಸಿದರೆ ತಪ್ಪು ಯಾವ ಕಡೆ ಅನ್ನೋದು ನಿಮಿಷದಲ್ಲಿ ಗೊತ್ತಾಗುತ್ತೆ. ಇದಕ್ಕೆ ಸಾಮಾನ್ಯ ಬ್ರೌಸರ್ ಸಾಕು. ಮಾಡ್-ಜೆಕೆ ವರ್ಷಗಳಿಂದ ಸರಿಯಾಗಿ ಓಡ್ತಿದ್ದರೆ, ಅದನ್ನು ಬಲ್ಲವರೂ ಇದ್ದರೆ, ಸುಮ್ಮನೆ ಕಿತ್ತುಹಾಕಬೇಡಿ. ಎಜೆಪಿ ಬೇಕೇ ಬೇಕು ಅನ್ನುವವರು ಅದನ್ನು ಒಳಜಾಲಕ್ಕೆ ಸೀಮಿತಗೊಳಿಸಿ ಗುಪ್ತಪದ ಹಾಕಲಿ.

ಯಾವ ದಾರಿ ಹಿಡಿದರೂ ಕಾಯುವ ಅವಧಿ ಎಷ್ಟು, ಒಮ್ಮೆಗೆ ಎಷ್ಟು ಮಂದಿ ಅನ್ನೋದನ್ನು ಎರಡೂ ಕಡೆ ಹೊಂದಿಸಿ ಇಡಬೇಕು. 502 ಅಂದರೆ ಹಿಂದಿನಿಂದ ಸರಿಯಾದ ಉತ್ತರ ಬರಲಿಲ್ಲ. 503 ಅಂದರೆ ಸದ್ಯಕ್ಕೆ ಸೇವೆ ಲಭ್ಯವಿಲ್ಲ. 504 ಅಂದರೆ ಕಾದರೂ ಉತ್ತರ ಬರಲಿಲ್ಲ. ಈ ಅಂಕಿಗಳ ಜಾಗದಲ್ಲಿ ‘ನಿಮ್ಮ ಅರ್ಜಿ ದಾಖಲಾಗಿದೆಯೋ ಇಲ್ಲವೋ ಇಲ್ಲಿ ನೋಡಿ’ ಅಂತ ಕನ್ನಡದಲ್ಲಿ ಹೇಳುವ ಪುಟ ಇಡೋದು ದೊಡ್ಡ ಖರ್ಚಿನ ಕೆಲಸವಲ್ಲ.

ಕಾಲುವೆಯ ಕೊನೆಯಲ್ಲಿ ಹೊಲ ಇರುವವರಿಗೆ ನೀರು ಬಂದರೆ ಮಾತ್ರ ಕಾಲುವೆ ಸರಿಯಿದೆ ಅಂತ ಅರ್ಥ. ಡಿಜಿಟಲ್ ಸೇವೆ ಸರಿಯಿದೆಯಾ ಅಂತ ಅಳೆಯೋಕೂ ಬೆಂಗಳೂರಿನ ಡೇಟಾ ಸೆಂಟರಲ್ಲ, ಮಸ್ಕಿ ತಾಲೂಕಿನ ಸೇವಾ ಕೇಂದ್ರದ ಸರತಿಯೇ ಸರಿಯಾದ ಜಾಗ.