ಕೈಯಲ್ಲಿರುವ ಎಲೆ, ಜೊತೆಗಾರನಿಗೆ ಕಾಣುವ ಎಲೆ: ಬ್ರಿಜ್ ಆಟದ ಸಂಜ್ಞೆ ಮತ್ತು ಬಿಡ್ಡಿಂಗ್ ವಿವೇಚನೆ

ನೀಲಗಿರಿ ಅಂದ ಕೂಡಲೇ ಆಟದ ಚರಿತ್ರೆ ಬಲ್ಲವರು ಊಟಿ ಕ್ಲಬ್ಬನ್ನೂ ಸ್ನೂಕರನ್ನೂ ನೆನೆಯುತ್ತಾರೆ. 1882ರಲ್ಲಿ ಅದರ ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿದ್ದು ಅಲ್ಲೇ ಅಂತ ಹೇಳಿಕೆ. ನಾನು ಹೇಳಹೊರಟಿರೋದು ಅದಕ್ಕಿಂತ ಅಗ್ಗದ ಆಟದ ಬಗ್ಗೆ: ಒಂದು ಕಟ್ಟು ಇಸ್ಪೀಟ್, ನಾಲ್ಕು ಜನ, ಅಷ್ಟೇ.

ಗೂಡಲೂರಿನ ಕಡೆಯಿಂದ ಬಂದವರಿಗೆ ‘ಇಪ್ಪತ್ತೆಂಟು’ ಗೊತ್ತಿರಬಹುದು. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ನಾಲ್ಕೂ ಜಾತಿ ಸೇರಿ 28. ಮೊದಲು ನಾಲ್ಕೇ ಎಲೆ ನೋಡಿ ಕೂಗಬೇಕು, ತುರುಪು ಮುಚ್ಚಿರುತ್ತೆ, ಎದುರು ಕೂತವರು ನಮ್ಮ ಜೊತೆಗಾರರು. ಅರ್ಧ ಕಣ್ಣಲ್ಲಿ ನೋಡಿ ಪೂರ್ತಿ ಮಾತು ಕೊಡೋ ಈ ಅಭ್ಯಾಸ ಇದ್ದವರಿಗೆ ಬ್ರಿಜ್ ಬಿಡ್ಡಿಂಗ್ ಅಷ್ಟು ಹೊಸದಲ್ಲ. ಹೊಸದು ಡಿಫೆನ್ಸ್. ನನ್ನ ಪ್ರಕಾರ ಹೊಸ ಆಟಗಾರರು ಹೆಚ್ಚು ಕಳೆದುಕೊಳ್ಳೋದೂ ಅಲ್ಲೇ.

ಒಂದು ಹಂಚಿಕೆ ನೋಡೋಣ. ದಕ್ಷಿಣದವರು ನಾಲ್ಕು ಇಸ್ಪೀಟು ಕೂಗಿದ್ದಾರೆ, ಅಂದರೆ 10 ಟ್ರಿಕ್ ಮಾಡಬೇಕು. ನಾವು ನಾಲ್ಕು ಹೊಡೆದರೆ ಅವರು ಸೋತರು. ಪಶ್ಚಿಮದವರ ಕೈಯಲ್ಲಿ ಆಟೀನಿನ ಎಕ್ಕ, ರಾಜ, 10, 6, 3. ಜೊತೆಗೆ ಕಳಾವರ್ ಎಕ್ಕ. ಡಮ್ಮಿಯಲ್ಲಿ ಆಟೀನಿನ ರಾಣಿ, 7, 4. ಪಶ್ಚಿಮದವರು ಎಕ್ಕ ಇಳಿಸುತ್ತಾರೆ. ಪೂರ್ವದವರಲ್ಲಿ ಇರೋದು 9 ಮತ್ತು 2 ಎರಡೇ. ಅವರು 9 ಹಾಕಬೇಕು. ದೊಡ್ಡ ಎಲೆ ಹಾಕಿದರೆ ‘ಇದನ್ನೇ ಮುಂದುವರಿಸು’ ಅಂತ. ಸಣ್ಣದು ಹಾಕಿದರೆ ‘ಬೇರೆ ಜಾತಿ ನೋಡು’ ಅಂತ. ರಾಜ ಬಂದಾಗ ಪೂರ್ವದವರು 2 ಹಾಕುತ್ತಾರೆ. ದೊಡ್ಡದಾದ ಮೇಲೆ ಸಣ್ಣದು ಬಂತು, ಅಂದರೆ ಎರಡೇ ಇದ್ದವು, ಮೂರನೆಯದನ್ನು ತುರುಪಿನಲ್ಲಿ ಹೊಡೆಯುತ್ತೇನೆ ಎಂದರ್ಥ. ಇಲ್ಲಿಗೆ ಮೂರು ಟ್ರಿಕ್ ಆಯ್ತು. ನಾಲ್ಕನೆಯದು?

ಪೂರ್ವದವರು ತುರುಪು ಹೊಡೆದ ಮೇಲೆ ಯಾವ ಜಾತಿ ಆಡಬೇಕು? ಡಮ್ಮಿಯಲ್ಲಿ ಡೈಮಂಡಿನ ರಾಜ, ಗುಲಾಮ, 6, 3. ಕಳಾವರ್ ರಾಜ, 8, 4. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಉತ್ತರ ಇರೋದು ಪಶ್ಚಿಮದವರು ಮೂರನೇ ಸಲ ಯಾವ ಆಟೀನು ಆಡಿದರು ಅನ್ನೋದರಲ್ಲಿ. 10 ಆಡಿದ್ದರೆ ಉಳಿದೆರಡು ಜಾತಿಗಳಲ್ಲಿ ಮೇಲಿನದು, ಅಂದರೆ ಡೈಮಂಡ್. 3 ಆಡಿದ್ದರೆ ಕೆಳಗಿನದು, ಕಳಾವರ್. ಇದನ್ನು 1930ರ ದಶಕದಲ್ಲಿ ಪ್ರಚಾರಕ್ಕೆ ತಂದವರು ಅಮೆರಿಕದ ಹೈ ಲ್ಯಾವಿಂತಾಲ್. ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತಾರೆ. ಪಶ್ಚಿಮದವರು 3 ಆಡಿದರು, ಪೂರ್ವದವರು ಕಳಾವರ್ ತಿರುಗಿಸಿದರು, ಎಕ್ಕ ಹೊಡೆಯಿತು, ಆಟ ಮುಗೀತು. ಬದಲಿಗೆ ಡೈಮಂಡ್ ಆಡಿದ್ದರೆ? ಡಿಕ್ಲೇರರ್ ಕೈಯಲ್ಲಿ ಡೈಮಂಡಿನ ಎಕ್ಕ, ರಾಣಿ, 10 ಇದ್ದವು, ಕಳಾವರ್ ಒಂದೇ ಒಂದು. ಅವರು ತುರುಪೆಲ್ಲ ಎಳೆದು, ಡಮ್ಮಿಯ ನಾಲ್ಕನೇ ಡೈಮಂಡಿನ ಮೇಲೆ ಆ ಕಳಾವರನ್ನು ಬಿಸಾಡಿ ಹತ್ತೂ ಟ್ರಿಕ್ ಮಾಡುತ್ತಿದ್ದರು. ಗೆಲುವು ಸೋಲಿನ ನಡುವೆ ಇದ್ದದ್ದು ಒಂದು ಆಟೀನು ಮೂರು. ಕೈಗೆ ಸಿಕ್ಕಿದ ಸಣ್ಣ ಎಲೆ ಎಸೆಯೋರಿಗೆ ನಾನು ಹೇಳೋದಿಷ್ಟೇ: ಈ ಆಟದಲ್ಲಿ ಬರೀ ಕಸದ ಎಲೆ ಅಂತ ಇಲ್ಲ.

ಬಿಡ್ಡಿಂಗಿಗೆ ಬರೋಣ. ಎಕ್ಕ 4, ರಾಜ 3, ರಾಣಿ 2, ಗುಲಾಮ 1, ಒಟ್ಟು 40 ಪಾಯಿಂಟ್: ಇದು ಎಲ್ಲರಿಗೂ ಬಾಯಿಪಾಠ. ತೊಂದರೆ ಶುರುವಾಗೋದೂ ಆ ಬಾಯಿಪಾಠದಿಂದಲೇ. ಜೊತೆಗಾರರು ಒಂದು ಇಸ್ಪೀಟು ಕೂಗಿದರು, ಎದುರಾಳಿ ಎರಡು ಆಟೀನು ಅಂದರು ಅಂತಿಟ್ಟುಕೊಳ್ಳಿ. ಒಂದು ಕೈ: ಇಸ್ಪೀಟು ರಾಣಿ, 8, 6, 4, ಆಟೀನು ಬರೀ 5, ಡೈಮಂಡ್ ಎಕ್ಕ, 9, 7, 3, ಕಳಾವರ್ ರಾಜ, 10, 6, 2. ಪಾಯಿಂಟ್ 9. ಇನ್ನೊಂದು: ಇಸ್ಪೀಟು 8, 6, 4; ಆಟೀನು ರಾಣಿ, ಗುಲಾಮ, 5; ಡೈಮಂಡ್ ರಾಣಿ, 7, 3; ಕಳಾವರ್ ರಾಜ, ರಾಣಿ, 6, 2. ಪಾಯಿಂಟ್ 10. ಲೆಕ್ಕದಲ್ಲಿ ಎರಡನೆಯದು ದೊಡ್ಡದು, ಆಡಲು ಕೂತರೆ ಮೊದಲನೆಯದೇ ಎಷ್ಟೋ ಮೇಲು. ಅದರಲ್ಲಿ ನಾಲ್ಕು ತುರುಪಿದೆ, ಆಟೀನು ಒಂದೇ ಸುತ್ತಿಗೆ ಖಾಲಿ. ಎರಡನೆಯದರ ರಾಣಿ, ಗುಲಾಮ ಎದುರಾಳಿಯ ಜಾತಿಯಲ್ಲೇ ಕೂತಿವೆ. ಅವರು ಆಡಿದರೆ ತಡೆಯೋಕೆ ಬರುತ್ತವೆ, ನಾವು ಆಡಿದರೆ ವ್ಯರ್ಥ. ಫ್ರಾನ್ಸಿನ ಜಾನ್-ರೆನೆ ವೆರ್ನ್ 1969ರಲ್ಲಿ ಬರೆದ ಸೂತ್ರವೂ ಪಾಯಿಂಟಿಗಿಂತ ಎರಡೂ ಜೋಡಿಗಳ ತುರುಪಿನ ಉದ್ದವನ್ನೇ ನೋಡುತ್ತೆ. ಆದರೂ ಸೂತ್ರ ಅಂದರೆ ಅಂದಾಜು. ಅದನ್ನ ಕಾನೂನು ಅಂತ ಕರೆದಿದ್ದು ಸ್ವಲ್ಪ ಜಾಸ್ತಿಯೇ ಆಯ್ತು.

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ‘ಸಂಜ್ಞೆ ಅಂದರೆ ಕಳ್ಳಾಟ ಅಲ್ವಾ ಸರ್?’ ಒಳ್ಳೇ ಪ್ರಶ್ನೆ. ಎಲೆಯಿಂದ ಹೇಳಿದರೆ ಅಲ್ಲ. ಕೆಮ್ಮಿ, ತಡವರಿಸಿ, ಬೆರಳು ತೋರಿಸಿ ಹೇಳಿದರೆ ಹೌದು. ಅಷ್ಟೇ ಅಲ್ಲ, ನಾವಿಬ್ಬರು ಮಾಡಿಕೊಂಡ ಒಪ್ಪಂದ ಎದುರಾಳಿ ಕೇಳಿದರೆ ಅವರಿಗೂ ಗೊತ್ತಾಗಬೇಕು. 1975ರ ಬರ್ಮುಡಾ ಬೌಲ್‌ನಲ್ಲಿ ಮೇಜಿನ ಮಧ್ಯೆ ಅಡ್ಡಪರದೆ ಹಾಕಿದರು. ಆಗ ಇಟಲಿಯ ಒಂದು ಜೋಡಿಯ ಮೇಲೆ ಮೇಜಿನ ಕೆಳಗೆ ಕಾಲಿನಿಂದ ಸನ್ನೆ ಮಾಡಿದ ಆರೋಪ ಬಂತು. ಪರದೆ ಮುಖವನ್ನು ಮುಚ್ಚಿತ್ತೇ ಹೊರತು ಪಾದವನ್ನಲ್ಲ!

ಇದರಿಂದ ಇನ್ನೊಂದು ಪ್ರಶ್ನೆ ಹುಟ್ಟುತ್ತೆ. ಒಪ್ಪಂದ ಬಹಿರಂಗವಾದ ಮೇಲೆ ನನ್ನ 9 ನೋಡಿ ಡಿಕ್ಲೇರರ್‌ಗೂ ಲಾಭ ಆಗಲ್ವಾ? ಆಗುತ್ತೆ. ಅದಕ್ಕೇ ಪ್ರತಿ ಎಲೆಯಲ್ಲೂ ಸಂಜ್ಞೆ ಮಾಡೋದನ್ನ ನಾನು ಒಪ್ಪಲ್ಲ. ಜೊತೆಗಾರರ ಮುಂದಿನ ನಿರ್ಧಾರಕ್ಕೆ ಈ ಮಾಹಿತಿ ಬೇಕಾ, ಅಥವಾ ಡಿಕ್ಲೇರರ್‌ಗೆ ರಾಣಿ ಎಲ್ಲಿದೆ ಅಂತ ತೋರಿಸಿಕೊಟ್ಟ ಹಾಗಾಗುತ್ತಾ, ಮೊದಲು ಅದನ್ನ ನೋಡಿ. ಆಮೇಲೆ ಎಲೆ ಇಳಿಸಿ.