ಜೇವರ್ಗಿಯ ಹುಡುಗಿಗೂ ಒಂದು ಸೀಟು

ಪಿಯುಸಿ ಫಲಿತಾಂಶ ಬಂತೆಂದರೆ ಸಾಕು, ಮಕ್ಕಳಿರುವ ಮನೆಯಲ್ಲೆಲ್ಲ ಒಂದೇ ಚಿಂತೆ: "ಸೀಟು ಸಿಗ್ತದೇನ್ರೀ?" ಆಳಂದ, ಅಫಜಲಪುರ, ಜೇವರ್ಗಿ ಕಡೆಯ ತಾಯಂದಿರು ಇನ್ನೊಂದು ಮಾತನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ: "ನಿಮಗೇನಮ್ಮ, 371(ಜೆ) ಇದೆಯಲ್ಲ!" ಈ ಮಾತಿನಲ್ಲಿ ನಿಜವೆಷ್ಟು? ಬನ್ನಿ, ಸ್ವಲ್ಪ ಬಿಡಿಸಿ ನೋಡೋಣ.

ಈ ಮೂರೂ ತಾಲೂಕುಗಳು 1948ರವರೆಗೆ ಹೈದರಾಬಾದ್ ನಿಜಾಮರ ರಾಜ್ಯದಲ್ಲಿದ್ದವು. ಮೈಸೂರಿನವರಿಗೆ 1916ರಲ್ಲೇ ವಿಶ್ವವಿದ್ಯಾಲಯ ಬಂತು. ನಿಜಾಮರ ರಾಜ್ಯದಲ್ಲಿ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ಪಾಠ ಹೇಳಿದ್ದು ಉರ್ದುವಿನಲ್ಲಿ. ಗುಲ್ಬರ್ಗಕ್ಕೆ ಸ್ವಂತ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಮೈಸೂರಿಗಿಂತ 64 ವರ್ಷ ತಡ! 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದಲ್ಲಿ 39 ತಾಲೂಕುಗಳನ್ನು ಅತಿ ಹಿಂದುಳಿದವು ಎಂದು ಗುರುತಿಸಿದಾಗ ನಮ್ಮ ಈ ಮೂರೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಂತೆ ರಾಜ್ಯದಲ್ಲಿ ನೂರಕ್ಕೆ 68 ಹೆಣ್ಣುಮಕ್ಕಳು ಅಕ್ಷರಸ್ಥರಾದರೆ, ಕಲಬುರಗಿ ಜಿಲ್ಲೆಯಲ್ಲಿ 55 ಮಾತ್ರ.

ಈ ಅಂತರ ತುಂಬಲೆಂದೇ ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. 2013ರ ಆದೇಶದಂತೆ, ಈಗ ಕಲ್ಯಾಣ ಕರ್ನಾಟಕವೆಂದು ಕರೆಯುವ ಈ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿನ ಮಕ್ಕಳಿಗೆ. ರಾಜ್ಯದ ಉಳಿದೆಡೆಯ ಸಂಸ್ಥೆಗಳಲ್ಲಿ ನೂರಕ್ಕೆ 8. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ ಮೀಸಲಾತಿ ಇದರೊಳಗೂ ಇದೆ. ಸಿಇಟಿ ಸೀಟು ಪಟ್ಟಿಯಲ್ಲಿ ಜಿಎಂಎಚ್, ಎಸ್‌ಸಿಎಚ್ ಎಂಬ ಅಕ್ಷರಗಳನ್ನು ನೋಡಿರಬೇಕಲ್ಲ? ಕೊನೆಯ 'ಎಚ್' ನಮ್ಮ ಭಾಗದ ಗುರುತು.

"ಹಾಗಾದರೆ ಯೋಗ್ಯತೆಗೆ ಬೆಲೆಯಿಲ್ಲವೇ?" ಅಂತೀರಾ? ಇವರು ಬರೆಯುವುದೂ ಅದೇ ಸಿಇಟಿ. ಸೀಟು ಸಿಕ್ಕ ಮೇಲೆ ಪಾಸಾಗಬೇಕಾದದ್ದೂ ಅದೇ ಪರೀಕ್ಷೆ. ಮನೆಗೆಲಸ ಮುಗಿಸಿ, ಬಸ್ಸಿಗೆ ಕಾದು, ಟ್ಯೂಷನ್ ಇಲ್ಲದೆ ಓದಿದ ಹುಡುಗಿಯ ಅಂಕವನ್ನೂ, ಪಕ್ಕದ ಬೀದಿಯಲ್ಲೇ ಕೋಚಿಂಗ್ ಪಡೆದವಳ ಅಂಕವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ನ್ಯಾಯವಾದೀತೇ? ನೀವೇ ಹೇಳಿ.

ಆದರೆ ಇದೇ ಪ್ರಶ್ನೆಯನ್ನು ನಾವು ನಮ್ಮೊಳಗೂ ಕೇಳಿಕೊಳ್ಳಬೇಕು. ಆ 70 ಸೀಟು ಏಳು ಜಿಲ್ಲೆಗಳಿಗೂ ಒಟ್ಟಾಗಿ ಸೇರಿದ್ದು. ತಾಲೂಕಿಗೆ ಇಷ್ಟೆಂದು ಪಾಲಿಲ್ಲ. ಕಲಬುರಗಿ ಪಟ್ಟಣದ ಅನುಕೂಲಸ್ಥರ ಮಗಳಿಗೂ ಅದೇ 'ಎಚ್', ಅಫಜಲಪುರದ ಹಳ್ಳಿಯ ಕೂಲಿಕಾರಳ ಮಗಳಿಗೂ ಅದೇ 'ಎಚ್'. ಓಟದಲ್ಲಿ ಯಾರು ಮುಂದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಆಳಂದ ತಾಲೂಕಿನ ಕಡಗಂಚಿಯನ್ನೇ ನೋಡಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಅಲ್ಲಿನ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಆದ ಸಿಯುಇಟಿ ಪರೀಕ್ಷೆ, ಕೇಂದ್ರದ ಮೀಸಲಾತಿ ನಿಯಮ. ಊರ ಪಕ್ಕದಲ್ಲೇ ವಿಶ್ವವಿದ್ಯಾಲಯವಿದ್ದರೂ ಆಳಂದದ ಹುಡುಗಿ ಇಡೀ ದೇಶದ ಮಕ್ಕಳೊಡನೆ ಸೆಣಸಬೇಕು. ಸ್ಥಳೀಯರಿಗೂ ಪಾಲು ಬೇಕೆಂಬ ಬೇಡಿಕೆ ಹುಟ್ಟಿದ್ದು ಸುಮ್ಮನೆ ಅಲ್ಲ.

ವಾದ ಹೇಗೂ ಮುಂದುವರಿಯುತ್ತದೆ. ಮಗಳ ವಯಸ್ಸು ಕಾಯುವುದಿಲ್ಲವಲ್ಲ! ಆದ್ದರಿಂದ ತಾಯಂದಿರೇ, ಇಷ್ಟು ಕೆಲಸ ಇಂದೇ ಮಾಡಿ:

• 371(ಜೆ) ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಫಲಿತಾಂಶದ ನಂತರ ಓಡಾಡುವ ಬದಲು ಮೊದಲೇ ಮಾಡಿಸಿಡಿ.

• ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಆಧಾರ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿ. ಒಂದು ಕೊಂಬು ಹೆಚ್ಚುಕಮ್ಮಿಯಾದರೂ ಕಚೇರಿಗೆ ನಾಲ್ಕು ಸಲ ಅಲೆದಾಟ.

• ಅರ್ಜಿ ತುಂಬುವಾಗ ಈ ಮೀಸಲಾತಿಯ ಕಾಲಂ ಬಿಟ್ಟುಹೋಗದಂತೆ ಪಕ್ಕದಲ್ಲಿ ಕುಳಿತು ನೋಡಿಕೊಳ್ಳಿ.

• ಊರಾಚೆಯ ಕಾಲೇಜಾದರೆ ಹಾಸ್ಟೆಲಿಗೂ, ವಿದ್ಯಾರ್ಥಿವೇತನಕ್ಕೂ ಜೊತೆಜೊತೆಗೇ ಅರ್ಜಿ ಹಾಕಿಸಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಕಾನೂನು ಕೊಟ್ಟ ಸೀಟನ್ನು ಮನೆಯವರೇ ಕಸಿದುಕೊಳ್ಳುವುದುಂಟು. "ಅಷ್ಟು ದೂರ ಯಾಕ ಕಳಸ್ತೀರಿ? ಒಳ್ಳೇ ವರ ಬಂದಾನ" ಎಂದು ಹಿರಿಯರು ಅಂದಾಗ ಎಷ್ಟು ತಾಯಂದಿರು ಬಾಯಿಬಿಡುತ್ತಾರೆ? ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ಹುಡುಗಿಗೆ 70 ಸೀಟಿದ್ದರೂ ಒಂದೇ, 7 ಇದ್ದರೂ ಒಂದೇ. ಸಂವಿಧಾನ ಬಾಗಿಲು ತೆರೆದಿದೆ. ಅಲ್ಲಿಯವರೆಗೆ ಮಗಳನ್ನು ಓದಿಸಿ ಕಳಿಸುವ ಗಟ್ಟಿ ಮನಸ್ಸು ಮನೆಯಲ್ಲೇ ಹುಟ್ಟಬೇಕು, ಅಲ್ಲವೇ?