ಗಣಕಯಂತ್ರದ ವೇಗವೂ ಲೆಕ್ಕದ ತಾಳೆಯೂ

ಗಣಕಯಂತ್ರದ ಹವ್ಯಾಸಿಗಳು 1998ನೆಯ ಇಸವಿಯನ್ನು ಮರೆತಿಲ್ಲ. ಆ ವರ್ಷ ಇಂಟೆಲ್ ಸಂಸ್ಥೆ ಹೊರತಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರಿನ ನಿಗದಿತ ವೇಗ 300 ಮೆಗಾಹರ್ಟ್ಸ್. ಎಂದರೆ ಮದರ್‌ಬೋರ್ಡ್ ಒದಗಿಸುವ 66.67 ಮೆಗಾಹರ್ಟ್ಸ್ ಮಿಡಿತದ ನಾಲ್ಕೂವರೆ ಪಟ್ಟು. ಈ ಗುಣಕವನ್ನು ಬದಲಿಸುವಂತಿರಲಿಲ್ಲ. ಆದರೆ ಮಿಡಿತವನ್ನೇ 100ಕ್ಕೆ ಏರಿಸಿದರೆ ವೇಗ 450 ಆಗುತ್ತಿತ್ತು; ಬಹಳಷ್ಟು ಪ್ರೊಸೆಸರುಗಳು ಅದನ್ನು ತಾಳಿಕೊಂಡವು. ಅದೇ ವೇಗದ ಪೆಂಟಿಯಮ್ 2ರ ಬೆಲೆ ಹಲವು ಪಟ್ಟು ಹೆಚ್ಚು. ಇಂತಹ ಲಾಭಕ್ಕೆ ಮನಸೋಲದವರಾರು!

ಆದರೆ ವೇಗ ಏರಿದಂತೆ ವಿದ್ಯುತ್ತಿನ ವ್ಯಯವೂ ಏರುತ್ತದೆ. ಅದಕ್ಕಾಗಿ ವೋಲ್ಟೇಜನ್ನು ಶೇಕಡಾ 10ರಷ್ಟು ಹೆಚ್ಚಿಸಿದರಂತೂ ಶಾಖ ಮತ್ತೆ ಶೇಕಡಾ 21ರಷ್ಟು ಬೆಳೆಯುತ್ತದೆ. ಯಂತ್ರ ಸ್ತಬ್ಧವಾದರೆ ದೋಷವಾದರೂ ತಿಳಿಯಿತು. ನಡೆಯುತ್ತಲೇ ತಪ್ಪು ಉತ್ತರ ಕೊಡುವುದೇ ನಿಜವಾದ ಅಪಾಯ. ಮಕ್ಕಳ ಭಾವಚಿತ್ರವೋ ಲೆಕ್ಕದ ಕಡತವೋ ಸದ್ದಿಲ್ಲದೆ ಕೆಡುತ್ತದೆ. ಅನಂತರ ತೆಗೆದ ಪ್ರತಿಯೂ ಕೆಟ್ಟದ್ದೇ ಆಗಿರುತ್ತದೆ. ಲೆಕ್ಕಪುಸ್ತಕ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಇಂತಹ ದೋಷವನ್ನು ಹಿಡಿಯಲು ಉಚಿತ ಸಾಧನಗಳಿವೆ. ಬೃಹತ್ ಅವಿಭಾಜ್ಯ ಸಂಖ್ಯೆಗಳ ಶೋಧಕ್ಕೆಂದು ರಚಿತವಾದ ಪ್ರೈಮ್95, ಪ್ರೊಸೆಸರಿಗೆ ಕಠಿಣ ಲೆಕ್ಕಗಳನ್ನೊಡ್ಡಿ, ಬಂದ ಉತ್ತರವನ್ನು ಮೊದಲೇ ತಿಳಿದ ಉತ್ತರದೊಡನೆ ತಾಳೆ ನೋಡುತ್ತದೆ. ಮೆಮ್‌ಟೆಸ್ಟ್86 ಮೆಮೊರಿಯಲ್ಲಿ ಬರೆದುದನ್ನು ಮರಳಿ ಓದಿ ಪರೀಕ್ಷಿಸುತ್ತದೆ. ಜಾಗರೂಕನಾದ ಹವ್ಯಾಸಿ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ರಾತ್ರಿಯಿಡೀ ಪರೀಕ್ಷೆಗೆ ಬಿಟ್ಟು, ಒಂದೇ ತಪ್ಪು ಕಂಡರೂ ಕೆಳಗಿಳಿಯುತ್ತಾನೆ. ಡಿಸೆಂಬರಿನ ರಾತ್ರಿ ತೇರ್ಗಡೆಯಾದ ಯಂತ್ರವನ್ನು ಮೇ ತಿಂಗಳ ಮಧ್ಯಾಹ್ನ ಮತ್ತೊಮ್ಮೆ ಪರೀಕ್ಷಿಸುವುದು ಒಳಿತು. ಫ್ಯಾನು ಒಳಗೆಳೆಯುವುದು ಕೋಣೆಯ ಗಾಳಿಯನ್ನೇ ಅಲ್ಲವೆ?